ಬಂಕ್ ಪಂಡಿತರು

ಬಂಕ್ ಪಂಡಿತರು ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲೂ ಸಿಗುತ್ತಾರೆ. ವಯಸ್ಸು ನಲವತ್ತೈದು ದಾಟಿರುತ್ತದೆ, ಸ್ಕೂಟರಿಗೆ ಹತ್ತು ದಾಟಿರುತ್ತದೆ. ಬೆಳಿಗ್ಗೆ ದರ್ಶಿನಿಯ ಮೇಜಿನ ಬಳಿ, ಸಂಜೆ ಕಟಿಂಗ್ ಶಾಪಿನ ಬೆಂಚಿನ ಮೇಲೆ ಇವರನ್ನು ಕಾಣಬಹುದು. ಆದರೂ ಲಕ್ಷಣಗಳೆಲ್ಲ ಒಟ್ಟಿಗೆ ಹೊರಬೀಳುವುದು ಪೆಟ್ರೋಲ್ ಬಂಕಿನಲ್ಲೇ.

"ಜೀರೋ ನೋಡ್ಕೊಳ್ಳಿ ಸಾರ್" ಎಂದು ಹುಡುಗ ಹೇಳುವ ಮೊದಲೇ ಇವರ ಕಣ್ಣು ಮೀಟರಿನ ಮೇಲಿರುತ್ತದೆ. ಕೈಯಲ್ಲಿ ಟ್ಯಾಂಕಿನ ಮುಚ್ಚಳ. ನೂರು ರೂಪಾಯಿಗೆ ಮಿಷನ್ನನ್ನು ಮೊದಲೇ ಸೆಟ್ ಮಾಡಿಟ್ಟಿರುತ್ತಾರೆಂಬ ಗುಮಾನಿಯಿಂದ ನೂರಹತ್ತಕ್ಕೆ ಹಾಕಿಸುತ್ತಿದ್ದರು. ಊರಿಗೆ ಊರೇ ನೂರಹತ್ತು ಕೇಳತೊಡಗಿದ ಮೇಲೆ ನೂರಹದಿನೈದಕ್ಕೆ ಬಂದಿದ್ದಾರೆ. ಪೈಪು ತೆಗೆಯುವಾಗ "ಸ್ವಲ್ಪ ಅಲ್ಲಾಡ್ಸಪ್ಪ" ಎಂದು ಕೊನೆಯ ತೊಟ್ಟನ್ನೂ ಉದುರಿಸಿಕೊಳ್ಳುತ್ತಾರೆ. ಹಿಂದೆ ನಿಂತವರ ಹಾರನ್ನು ಇವರಿಗೆ ಕೇಳಿಸುವುದಿಲ್ಲ. ಟೈರಿಗೆ ಗಾಳಿ ಹಿಡಿಸಿ ಎಷ್ಟು ದಿನವಾಯಿತೆಂದು ಮಾತ್ರ ಕೇಳಬಾರದು. ಗಾಳಿ ಪುಕ್ಕಟೆ, ಪುಕ್ಕಟೆ ವಸ್ತುವಿನ ಬಗ್ಗೆ ಪಾಂಡಿತ್ಯ ಬೆಳೆಯುವುದಿಲ್ಲ.

ಇವರ ತಿಳಿವಳಿಕೆ ಹುಸಿಯೆಂದು ಭಾವಿಸುವಂತಿಲ್ಲ. ಒಂದು ಬ್ಯಾರೆಲ್‌ಗೆ 159 ಲೀಟರ್, ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಹೊರಗಿನಿಂದಲೇ ಬರಬೇಕು ಎಂಬುದೆಲ್ಲ ಇವರಿಗೆ ಬಾಯಿಪಾಠ. 2010ರ ಜೂನ್‌ನಲ್ಲಿ ಪೆಟ್ರೋಲ್ ದರವನ್ನೂ 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ದರವನ್ನೂ ಸರ್ಕಾರ ಮಾರುಕಟ್ಟೆಗೆ ಬಿಟ್ಟಿತು. 2017ರ ಜೂನ್ 16ರಿಂದ ದಿನವೂ ಬೆಳಿಗ್ಗೆ 6ಕ್ಕೆ ಹೊಸ ದರ ಎಂದಾಯಿತು. "ಬಿಟ್ಟಿದ್ದು ಹತ್ತೋಕೆ ಮಾತ್ರ ಸ್ವಾಮಿ, ಇಳಿಯೋಕಲ್ಲ" ಎಂಬುದು ಪಂಡಿತರ ಭಾಷ್ಯ. ಇದನ್ನು ತಳ್ಳಿಹಾಕುವುದು ಕಷ್ಟ. ದಿನವೂ ಬದಲಾಗಬೇಕಿದ್ದ ದರ 2018ರ ಏಪ್ರಿಲ್ 24ರಿಂದ ಅಲುಗಾಡದೆ ನಿಂತಿತ್ತು. ಮೇ 12ಕ್ಕೆ ರಾಜ್ಯದ ವಿಧಾನಸಭೆಗೆ ಮತದಾನ ಮುಗಿಯಿತು, 14ಕ್ಕೆ ಏರಿತು. ಮಾರುಕಟ್ಟೆಗೂ ನೀತಿಸಂಹಿತೆ ಇದೆಯೆಂದು ಪಂಡಿತರು ಅಂದೇ ಘೋಷಿಸಿದರು.

ಪಂಡಿತರಲ್ಲಿ ಎರಡು ಒಳಪಂಗಡ: ದಿಲ್ಲಿಯನ್ನು ಬೈಯುವವರು, ವಿಧಾನಸೌಧವನ್ನು ಬೈಯುವವರು. ಕೊರೊನಾ ಕಾಲದಲ್ಲಿ ಕಚ್ಚಾ ತೈಲ ನೆಲಕಚ್ಚಿದಾಗ, 2020ರ ಮೇ ತಿಂಗಳಲ್ಲಿ, ಕೇಂದ್ರ ಸರ್ಕಾರ ಲೀಟರ್ ಪೆಟ್ರೋಲಿಗೆ 10, ಡೀಸೆಲ್‌ಗೆ 13 ರೂಪಾಯಿ ಸುಂಕ ಏರಿಸಿದ್ದು ಮೊದಲ ಪಂಗಡಕ್ಕೆ ನಿದ್ದೆಯಲ್ಲೂ ನೆನಪಿರುತ್ತದೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿ, ಲೀಟರ್‌ಗೆ 3 ರೂಪಾಯಿ ಹೆಚ್ಚಾದದ್ದು ನೆನಪಾಗುವುದಿಲ್ಲ. ಎರಡನೆಯ ಪಂಗಡಕ್ಕೆ ಈ ಶೇಕಡಾವಾರು ದಶಮಾಂಶದ ಸಮೇತ ಗೊತ್ತು. 2020 ಎಂದರೆ ತಟ್ಟೆ ಬಡಿದದ್ದಷ್ಟೇ ಗೊತ್ತು. ಇಬ್ಬರ ಲೆಕ್ಕವೂ ಸರಿ, ಅರ್ಧರ್ಧ. ಇಬ್ಬರೂ ಒಂದೇ ಮೇಜಿನಲ್ಲಿ ಬೈ-ಟೂ ಕಾಫಿ ಕುಡಿಯುತ್ತಾರೆ. ಅವರ ಪಕ್ಷಗಳ ಕಥೆಯೂ ಬೇರೆಯಲ್ಲ. ತೈಲ ಬಿಕ್ಕಟ್ಟಿನ 1973ರಲ್ಲಿ ಬೆಲೆಯೇರಿಕೆಯ ವಿರುದ್ಧ ವಾಜಪೇಯಿ ಎತ್ತಿನಗಾಡಿಯಲ್ಲಿ ಸಂಸತ್ತಿಗೆ ಬಂದರು. ಆಮೇಲೆ ಎತ್ತಿನಗಾಡಿ ವಿರೋಧಪಕ್ಷದ ಅಧಿಕೃತ ವಾಹನವೇ ಆಯಿತು. ಕುರ್ಚಿ ಸಿಕ್ಕವರು ಗಾಡಿಯಿಂದ ಇಳಿಯುತ್ತಾರೆ, ಕಳೆದುಕೊಂಡವರು ಹತ್ತುತ್ತಾರೆ.

ಕರಾವಳಿಯ ಪಂಡಿತರಿಗೆ ಇನ್ನೊಂದು ಸಂಕಟವಿದೆ. ಆಪತ್ಕಾಲಕ್ಕೆಂದು ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಸುವಷ್ಟು ಗುಹೆಗಳನ್ನು ಬಂಡೆ ಕೊರೆದು ಮಾಡಿದ್ದಾರೆ. "ನಮ್ಮ ಕಾಲಡಿಯಲ್ಲೇ ಎಣ್ಣೆ ಇಟ್ಕೊಂಡು ನಮಗೇ ಈ ರೇಟಾ ಮಾರಾಯ್ರೆ?" ಅದು ಕಚ್ಚಾ ತೈಲ, ಸ್ಕೂಟರಿಗೆ ಹೊಯ್ಯಲು ಬರುವುದಿಲ್ಲ ಎಂದರೆ ಮುಖ ಗಂಟಿಕ್ಕುತ್ತಾರೆ.

ಈಚಿನ ಅಧ್ಯಾಯ ಎಥೆನಾಲಿನದು. ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರುವರಿ 6ರಂದು ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಅಷ್ಟೇ ಪ್ರಮಾಣದ ಪೆಟ್ರೋಲಿಗೆ ಹೋಲಿಸಿದರೆ ಎಥೆನಾಲಿನಲ್ಲಿ ಮೂರನೇ ಒಂದರಷ್ಟು ಶಕ್ತಿ ಕಡಿಮೆ, ಆದ್ದರಿಂದ ಮೈಲೇಜು ತುಸು ತಗ್ಗುವುದು ಸಹಜ. ಪಂಡಿತರು ಅಷ್ಟಕ್ಕೆ ನಿಲ್ಲುವವರಲ್ಲ. ಕಾರ್ಬ್ಯುರೇಟರಿನ ಹತ್ತು ವರ್ಷದ ಕೊಳೆ, ಸವೆದ ಕ್ಲಚ್ಚು, ಮಗ ಗುದ್ದಿ ತಂದ ಮಡ್‌ಗಾರ್ಡು ಎಲ್ಲವನ್ನೂ ಎಥೆನಾಲಿನ ಖಾತೆಗೇ ಬರೆಯುತ್ತಾರೆ. ಮಂಡ್ಯದ ಕಡೆ ಕಬ್ಬಿನ ಗದ್ದೆ ಇರುವವರು ಮಾತ್ರ ಈ ವಿಷಯದಲ್ಲಿ ಕೊಂಚ ಮೆತ್ತಗೆ.

ಎರಡೂ ಪಂಗಡ ಒಪ್ಪುವ ಬೇಡಿಕೆ ಒಂದಿದೆ: ಪೆಟ್ರೋಲನ್ನು ಜಿಎಸ್‌ಟಿಗೆ ಸೇರಿಸಬೇಕು. ಕೇಂದ್ರದ ಮತ್ತು ಎಲ್ಲ ರಾಜ್ಯಗಳ ಪ್ರತಿನಿಧಿಗಳಿರುವ ಜಿಎಸ್‌ಟಿ ಮಂಡಳಿ 2021ರ ಸೆಪ್ಟೆಂಬರ್ 17ರಂದು ಲಖನೌದಲ್ಲಿ ಸಭೆ ಸೇರಿ, ಅದಕ್ಕೆ ಇನ್ನೂ ಕಾಲ ಬಂದಿಲ್ಲವೆಂದು ತೀರ್ಮಾನಿಸಿತು.