ಬೋರ್ ಹೊಡೆಸುವವರು

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆಯ ಹೆಸರು ಕೇಳಿದ ಬೆಂಗಳೂರಿನ ಗೆಳೆಯರೊಬ್ಬರು, ‘ಕಣಿವೆ ತುಂಬ ಬೋರ್‌ವೆಲ್ಲೇ ಕೊರೆಸಿದ್ದಾರಾ?’ ಎಂದರು. ಇಲ್ಲ ಸ್ವಾಮಿ, ಅದು ಮೈಸೂರು ಅರಸರ ಕಾಲದಲ್ಲಿ ಸುವರ್ಣಮುಖಿಗೆ ಅಡ್ಡಲಾಗಿ ಕಟ್ಟಿದ ಜಲಾಶಯ. ರಿಗ್ ಲಾರಿಯ ಸದ್ದು ಆಗಿನ್ನೂ ಈ ಸೀಮೆಗೆ ಕೇಳಿರಲಿಲ್ಲ. ಬೋರಪ್ಪ, ಬೋರಮ್ಮ, ಬೋರೇಗೌಡರೆಲ್ಲ ಇಂಗ್ಲಿಷಿನ ಹಂಗಿಲ್ಲದೆ ಹುಟ್ಟಿ ಬೆಳೆದವರು. ಆಮೇಲೆ ಬಂದ ಇಂಗ್ಲಿಷಿನ ಬೋರು ಈ ತೆಂಗಿನ ಸೀಮೆಯಲ್ಲಿ ಇಷ್ಟು ಸಲೀಸಾಗಿ ಬೇರುಬಿಟ್ಟಿದ್ದಕ್ಕೆ ಹೆಸರಿನ ನೆಂಟಸ್ತಿಕೆಯೂ ಕಾರಣವೇನೋ ಎಂಬ ಗುಮಾನಿ ನನ್ನದು.

ನೆಲ ಕೊರೆಯುವ ಬೋರು ಇಂಗ್ಲಿಷಿನಲ್ಲಿ ಬಹಳ ಹಳೆಯದು. ತಲೆ ಕೊರೆಯುವ ಬೋರು ಕಾಣಿಸಿಕೊಂಡದ್ದು 1760ರ ದಶಕದಲ್ಲಿ. ಎರಡಕ್ಕೂ ರಕ್ತಸಂಬಂಧ ಉಂಟೋ ಇಲ್ಲವೋ ನಿಘಂಟಿನವರು ಇನ್ನೂ ತೀರ್ಮಾನಿಸಿಲ್ಲ. ನಮ್ಮವರು ತೀರ್ಮಾನಿಸಿ ಎಷ್ಟೋ ಕಾಲವಾಯಿತು. ತೋಟದಲ್ಲೂ ಬೋರ್ ಹೊಡೆಸುತ್ತಾರೆ, ಮದುವೆಮನೆಯ ಪಂಕ್ತಿಯಲ್ಲೂ ಬೋರ್ ಹೊಡೆಸುತ್ತಾರೆ.

ರಜಕ್ಕೆ ಬಂದಿದ್ದ ನನ್ನ ಅಣ್ಣನ ಮಗ ಜಗಲಿಯಲ್ಲಿ ಕೂತು, ‘ಅಜ್ಜೀ, ಬೋರ್ ಹೊಡೀತಿದೆ’ ಅಂದ. ಕರಟ ಬಿಡಿಸುತ್ತಿದ್ದ ಅಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟಳು: ‘ಯಾರ್ ತೋಟ್ದಾಗ್ಲಾ? ನೀರು ಬಂತಾ, ಬರೀ ಧೂಳಾ?’ ಅಮ್ಮನಿಗೆ ಇನ್ನೊಂದು ಅರ್ಥ ಗೊತ್ತಿಲ್ಲವೆಂದಲ್ಲ. ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲೆಂದು ಹತ್ತು ಹನ್ನೆರಡು ತಿಂಗಳು ಕಾಯುವವಳಿಗೆ, ಅರ್ಧ ಗಂಟೆ ಮೊಬೈಲ್ ಇಲ್ಲದಿದ್ದದ್ದು ಲೆಕ್ಕಕ್ಕೇ ಬರುವುದಿಲ್ಲ.

ಅಸಲಿ ಬೋರು ಹೊಡೆಯುವಾಗ ಮಾತ್ರ ಯಾರಿಗೂ ಬೋರಾಗುವುದಿಲ್ಲ. ಮೊದಲು ನೀರು ನೋಡುವವರು ಬರುತ್ತಾರೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟವೆಲ್ಲ ಸುತ್ತಿ, ಕಾಯಿ ಎದ್ದು ನಿಂತಲ್ಲಿ ಪಾಯಿಂಟ್ ಗುರುತು ಹಾಕುತ್ತಾರೆ. (ಕಾಯಿಯೂ ನಮ್ಮದೇ, ನಿಂತ ನೆಲವೂ ನಮ್ಮದೇ, ದಕ್ಷಿಣೆ ಅವರಿಗೆ.) ರಾತ್ರಿ ತಿರುಚೆಂಗೋಡು ಕಡೆಯ ಲಾರಿ ಬರುತ್ತದೆ. ಊರಿಗೆ ಊರೇ ನಿದ್ದೆಗೆಟ್ಟು ಸುತ್ತ ನಿಲ್ಲುತ್ತದೆ. 600 ಅಡಿಗೆ ಧೂಳು. 800ಕ್ಕೂ ಧೂಳು. ‘ಇನ್ನೊಂದ್ ನೂರು ಹೊಡೆಸಣ್ಣ’ ಎನ್ನುವವನು ಯಾವಾಗಲೂ ದುಡ್ಡು ಕೊಡಬೇಕಾಗಿಲ್ಲದವನು. ನೀರು ಬಂದರೆ ಅದು ಎರಡಿಂಚೋ ಎರಡೂವರೆಯೋ ಎಂದು ಬೆಳಗಿನವರೆಗೆ ವಾದ. ಬರದಿದ್ದರೆ ಬೋರು ಫೇಲು. ಆಮೇಲೆ ತೋಟದ ಯಜಮಾನ ಆ ರಾತ್ರಿಯ ಕತೆಯನ್ನು ಅಡಿ ಅಡಿ ಲೆಕ್ಕದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿ ಇನ್ನೊಂದು ಬಗೆಯ ಬೋರು ಹೊಡೆಸುತ್ತಾನೆ. ಅದು ಮಾತ್ರ ಫೇಲಾದದ್ದಿಲ್ಲ.

ತಿಪಟೂರಿನ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಹುಡುಗ ‘ಬೋರ್ ಹೋಗೈತಣ್ಣ’ ಅಂದಾಗ ನಮ್ಮ ಮಾವ ಎದೆ ಹಿಡಿದುಕೊಂಡು ಕೂತರು. ಹೋಗಿದ್ದು ಬೈಕಿನ ಎಂಜಿನ್ನಿನದು ಎಂದು ತಿಳಿದ ಮೇಲೆ ಚೌಕಾಸಿ ಮಾಡದೆ ದುಡ್ಡು ಕೊಟ್ಟರು.

ನಮ್ಮ ಕಡೆ ಹೆಣ್ಣಿನವರು ಹುಡುಗನ ಮುಖ ನೋಡುವ ಮೊದಲೇ ‘ಬೋರ್ ಎಷ್ಟವೆ?’ ಎಂದು ಕೇಳುತ್ತಾರೆ. ದೂರದ ನೆಂಟರೊಬ್ಬರು ಹಾಗೆ ಕೇಳಿ, ‘ಎರಡವೆ, ಎರಡರಲ್ಲೂ ನೀರೈತೆ’ ಎಂಬ ಉತ್ತರಕ್ಕೆ ಅರ್ಧ ಒಪ್ಪಿಬಿಟ್ಟಿದ್ದರು. ಹುಡುಗನ ಜೊತೆ ಹಿತ್ತಲಲ್ಲಿ ಒಂದಿಷ್ಟು ಹೊತ್ತು ಮಾತಾಡಿ ಒಳಗೆ ಬಂದ ಮಗಳು, ‘ಎರಡಲ್ಲ ಕಣಪ್ಪ, ಮೂರು’ ಎಂದಳು.