ಬಂದ್ ಮಾಡುವ ರಾಯರು

ಡೊಂಬಿವಲಿ ಪೂರ್ವದ ಯಾವ ಹಳೇ ಸೊಸೈಟಿಗೆ ಹೋದರೂ ಒಬ್ಬ ರಾಯರು ಇದ್ದೇ ಇರುತ್ತಾರೆ. ಅಡ್ಡಹೆಸರು ಭಟ್ಟರೋ ಶೆಟ್ಟರೋ ಇದ್ದೀತು, ಕಲ್ಯಾಣದಲ್ಲಾದರೆ ಕುಲಕರ್ಣಿಯೂ ಆದಾರು. ತಳಿ ಮಾತ್ರ ಒಂದೇ. ನಿವೃತ್ತ ಬ್ಯಾಂಕ್ ಅಧಿಕಾರಿ. 1980ರ ದಶಕದಲ್ಲಿ ಬ್ಯಾಂಕುಗಳಿಗೆ ಲೆಡ್ಜರ್ ಪೋಸ್ಟಿಂಗ್ ಮಶೀನು ಬಂದಾಗ ಯೂನಿಯನ್ನಿನವರು ಹೊರಗೆ ಘೋಷಣೆ ಕೂಗುತ್ತಿದ್ದರೆ, ಇವರು ಮೆಲ್ಲನೆ ಹೋಗಿ ಅದರ ಮುಂದೆ ಕೂತವರು. ಅಂದು ಕೂತವರು ಇನ್ನೂ ಎದ್ದಿಲ್ಲ.

ವಿಂಡೋಸಿನ ಮಾಸಿಕ ಅಪ್‌ಡೇಟ್ ಹೊರಬೀಳುವುದು ಎರಡನೇ ಮಂಗಳವಾರ. ಅಮೆರಿಕದಲ್ಲಿ ಆಗ ಬೆಳಿಗ್ಗೆ, ನಮ್ಮಲ್ಲಿ ಹಾಸಿಗೆ ಬಿಡಿಸುವ ಹೊತ್ತು. ಹಾಗಾಗಿ ರಾಯರ ಸುಗ್ಗಿ ಶುರುವಾಗುವುದು ಬುಧವಾರ.

"ರಾಯರೇ, ಲ್ಯಾಪ್‌ಟಾಪು ಬಂದ್ ಆಗ್ತಾ ಇಲ್ಲ. ಚಕ್ರ ಸುತ್ತುತ್ತಾ ಉಂಟು."

"ಎಷ್ಟು ಹೊತ್ತಾಯ್ತು?"

"ಕುಕ್ಕರಿನ ಮೂರು ಸೀಟಿ ಆಯ್ತು."

ಐರೋಲಿಯಲ್ಲಿ ಕೆಲಸ ಮಾಡುವ ಎದುರು ವಿಂಗಿನ ಹುಡುಗನಿಗೆ ಅಷ್ಟು ಪುರುಸೊತ್ತಿಲ್ಲ. ಚಕ್ರ ಸುತ್ತುತ್ತಿರುವಂತೆಯೇ ಮಡಚಿ, ಬ್ಯಾಗಿಗೆ ತುರುಕಿ, ಬ್ಯಾಗನ್ನು ಎದೆಗೆ ಹಾಕಿಕೊಂಡು ಫಾಸ್ಟ್ ಲೋಕಲ್ ಹತ್ತುತ್ತಾನೆ. ಥಾಣೆಯಲ್ಲಿ ಇಳಿದು ವಾಶಿ ಗಾಡಿ ಹಿಡಿಯುವಷ್ಟರಲ್ಲಿ ಎದೆ ಕಾದಿರುತ್ತದೆ. ಒತ್ತಿ ನಿಂತವನು ಜ್ವರವೇನೋ ಎಂದು ಮುಖ ನೋಡುತ್ತಾನೆ.

ಸ್ಟೇಷನ್ ರೋಡಿನ ಅಂಗಡಿಯ ಹುಡುಗ ಯಾವ ಕಾಯಿಲೆಗೂ "ಫಾರ್ಮ್ಯಾಟ್ ಮಾರ್ನಾ ಪಡೇಗಾ" ಎನ್ನುವವನು. ರಾಯರಿಗೆ ಇಹಲೋಕದಲ್ಲಿ ವೈರಿಯೆಂದರೆ ಅವನೊಬ್ಬನೇ. ಅವರದು ನಾಡಿ ನೋಡುವ ಪದ್ಧತಿ. ಮೊದಲು ಕೀಬೋರ್ಡಿಗೆ ಕಿವಿ ಇಡುತ್ತಾರೆ. ಡಿಸ್ಕಿನ ದೀಪ ಮಿನುಗುತ್ತಿದ್ದರೆ "ಕೆಲಸ ನಡೀತಾ ಉಂಟು, ಮುಟ್ಬೇಡಿ" ಎಂದು ಪವರ್ ಬಟನ್ನಿಗೆ ಕೈ ಅಡ್ಡ ಹಿಡಿಯುತ್ತಾರೆ. ಅಪ್‌ಡೇಟಿನ ನಡುವೆ ಬಟನ್ ಒತ್ತಿ ಆರಿಸಿದರೆ ಮತ್ತೆ ಏಳದೆಯೂ ಹೋದೀತು. ಅದು ಕೊನೆಯ ಉಪಾಯ. ಪ್ರಿಂಟರು, ಹೊರಗಿನ ಹಾರ್ಡ್ ಡಿಸ್ಕು ಕಿತ್ತು ನೋಡುವುದು ಅದಕ್ಕೂ ಮೊದಲು. ಇಷ್ಟರಲ್ಲಿ ಚಹಾ, ಒಗ್ಗರಣೆ ಅವಲಕ್ಕಿ, ಲೆಡ್ಜರ್ ಮಶೀನಿನ ಕಥೆ. ಫೀಸು ಅಂತ ಇರುವುದು ಆ ಕಥೆ ಕೇಳುವುದೊಂದೇ. ನನ್ನ ಲೆಕ್ಕದಲ್ಲಿ ಅಂಗಡಿಯವನೇ ಅಗ್ಗ.

ಆದರೆ ರೋಗ ಹಿಡಿಯುವುದರಲ್ಲಿ ರಾಯರು ತಪ್ಪುವುದು ಕಡಿಮೆ.

"2012ರ ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಅಂದ್ರೆ ಪೂರ್ತಿ ಶಟ್‌ಡೌನ್ ಅಲ್ಲ ಮಾರಾಯ್ರೇ. ಫಾಸ್ಟ್ ಸ್ಟಾರ್ಟಪ್ ಅಂತ ಒಂದುಂಟು. ನೀವು ತೆರೆದದ್ದನ್ನೆಲ್ಲ ಮುಚ್ತದೆ, ಒಳಗಿನ ಕರ್ನಲನ್ನು ಮಾತ್ರ ಡಿಸ್ಕಿನಲ್ಲಿ ಬರೆದಿಟ್ಟು ಮಲಗ್ತದೆ, ಬೆಳಿಗ್ಗೆ ಬೇಗ ಏಳ್ಲಿಕ್ಕೆ. ಅಪ್‌ಡೇಟಿನಲ್ಲಿ ಬಂದ ಹೊಸ ಡ್ರೈವರು ಮಲಗ್ಲಿಕ್ಕೆ ಒಪ್ಪದಿದ್ರೆ ಚಕ್ರ ಸುತ್ತುತ್ತದೆ. ರಿಸ್ಟಾರ್ಟ್ ಕೊಟ್ರೇ ಎಲ್ಲ ಸರಿಯಾಗಿ ಮುಚ್ಚುವುದು."

ಮನೆಯಾಕೆಗೆ ಅರ್ಥವಾಗಲಿಲ್ಲ.

"ಬರ್ತೇನೆ ಅಂತ ಎದ್ದು, ಚಪ್ಪಲಿ ಮೆಟ್ಟಿ, ಬಾಗಿಲಲ್ಲೇ ಅರ್ಧ ಗಂಟೆ ನಿಂತು ಮಾತಾಡುವ ನೆಂಟರಿರ್ತಾರಲ್ಲ ಅಕ್ಕ, ಅದೇ!"

ಹೀಗೆನ್ನುವಾಗ ರಾಯರ ಕಾಲಲ್ಲಿ ಚಪ್ಪಲಿ ಇತ್ತು. ಒಂದು ಕೈ ಲಿಫ್ಟಿನ ಜಾಲರಿ ಬಾಗಿಲನ್ನು ತೆರೆದು ಹಿಡಿದಿತ್ತು. ಮೇಲಿನ ಮಹಡಿಯಿಂದ "ಲಿಫ್ಟ್ ಬಂದ್ ಕರಾ!" ಎಂದು ಮರಾಠಿಯಲ್ಲಿ ಎರಡು ಸಲ ಕೂಗಿಯೂ ಆಗಿತ್ತು. ರಾಯರು ಜಾಲರಿ ಬಿಡದೆ, ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸಿನಲ್ಲಿ ಆ ಫಾಸ್ಟ್ ಸ್ಟಾರ್ಟಪ್ಪಿನ ಟಿಕ್ ತೆಗೆದದ್ದನ್ನೂ, ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕೊಟ್ಟರೆ ಆ ಒಂದು ಸಲಕ್ಕೆ ಪೂರ್ತಿ ಮುಚ್ಚುವುದನ್ನೂ ಮತ್ತೊಮ್ಮೆ ವಿವರಿಸಿದರು.

ರಾಯರ ಸ್ವಂತ ಲ್ಯಾಪ್‌ಟಾಪಿಗೆ ಈ ಕಾಯಿಲೆ ಬಂದದ್ದೇ ಇಲ್ಲ. ಅದರಲ್ಲಿರುವುದು ವಿಂಡೋಸ್ 7. 2020ರ ಜನವರಿ 14ಕ್ಕೆ ಮೈಕ್ರೋಸಾಫ್ಟ್ ಅದರ ಕೈಬಿಟ್ಟಿತು. "ಅಪ್‌ಡೇಟ್ ಬಂದ್ರಲ್ಲವಾ ಕೆಡುವುದು?" ಎನ್ನುತ್ತಾರೆ. ವೈರಸ್ ಬಂದೀತು ಎಂದರೆ, "ಇಂಟರ್ನೆಟ್ ಹಾಕಿದ್ರಲ್ಲವಾ!"

"ಹಾಗಾದ್ರೆ ಸಲೀಸಾಗಿ ಬಂದ್ ಆಗ್ತದಾ?" ಎಂದು ಕೇಳಿದ್ದಕ್ಕೆ ಉತ್ತರ ಬಂದದ್ದು ಅಡಿಗೆಮನೆಯಿಂದ, ಅವರ ಹೆಂಡತಿಯದು.

"ಗೋಡೆಯ ಸ್ವಿಚ್ಚು ಆರಿಸಿದ್ರೆ ಆಯ್ತು. ಅದರ ಬ್ಯಾಟರಿ ಹೋಗಿ ಯಾವ ಕಾಲವಾಯ್ತು!"