ಪ್ರತಿಯಂತ್ರ ಮೀಮಾಂಸೆ

ಭಟ್ಟಾಕಳಂಕನು 1604ರಲ್ಲಿ ಕನ್ನಡ ವ್ಯಾಕರಣಕ್ಕೆ ಸಂಸ್ಕೃತದಲ್ಲಿ ಸೂತ್ರ ಕಟ್ಟಿ, ಅದಕ್ಕೆ ವೃತ್ತಿಯನ್ನೂ ವ್ಯಾಖ್ಯಾನವನ್ನೂ ತಾನೇ ಬರೆದನು. ಅನ್ಯರು ಅಪಾರ್ಥ ಮಾಡಿಯಾರೆಂಬ ಅಂಜಿಕೆ ಈ ಶಾಸ್ತ್ರಕಾರನಿಗೂ ಇರುವುದರಿಂದ ಇಲ್ಲಿಯೂ ಅದೇ ಕ್ರಮವನ್ನು ಅನುಸರಿಸಿದೆ. ಶಾಸ್ತ್ರಕ್ಕೆ ವಿಷಯ: ಒಂದು ಕಂಪ್ಯೂಟರಿನಲ್ಲಿ ಹಾಕಿದ ವಿಂಡೋಸನ್ನು ಉಳಿದ ಒಂಬತ್ತಕ್ಕೆ ಇದ್ದದ್ದು ಇದ್ದ ಹಾಗೆಯೇ ಇಳಿಸುವ ವಿದ್ಯೆ. ಕ್ಷೇತ್ರ: ಧಾರವಾಡ ಜಿಲ್ಲೆಯ ಹಳ್ಳಿ ಹೈಸ್ಕೂಲುಗಳ ಕಂಪ್ಯೂಟರ್ ಕೋಣೆ. ಅಧಿಕಾರಿ: ಕೋಣೆಯ ಕೀಲಿಕೈ ಯಾರ ಬಳಿ ಇದೆಯೋ ಅವರು.

ಸೂತ್ರ 1: ಒಂದನ್ನು ಕಟ್ಟು, ಉಳಿದವನ್ನು ಹೊಡೆ.

ವೃತ್ತಿ: ಇಲ್ಲಿ ‘ಹೊಡೆ’ ಎಂದರೆ ಕಾಪಿ ಹೊಡೆ ಎಂದೇ ಅರ್ಥ, ಸುತ್ತಿಗೆಯ ಪ್ರಯೋಗ ಐದನೆಯ ಸೂತ್ರದ ನಂತರ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಮರ್ರೆ ಹಜಾರ್ಡ್ 1995ರಲ್ಲಿ ‘ಘೋಸ್ಟ್’ ಎಂಬ ತಂತ್ರಾಂಶ ಬರೆದ ಮೇಲೆ ಈ ವಿದ್ಯೆ ಹುಟ್ಟಿತೆಂದು ಪಾಶ್ಚಾತ್ಯರು ವಾದಿಸುತ್ತಾರೆ. 1998ರಲ್ಲಿ ಸಿಮ್ಯಾಂಟೆಕ್ ಅದನ್ನು ಕೊಂಡುಕೊಂಡಿತು. ಈಗ ತೈವಾನಿನವರ ಕ್ಲೋನ್‌ಜಿಲ್ಲಾ ಬಿಟ್ಟಿ ಸಿಗುತ್ತದೆ. ಡಿಸ್ಕಿನಲ್ಲಿ ತುಂಬಿದ ಭಾಗವನ್ನಷ್ಟೇ ಎತ್ತುವುದರಿಂದ ಹೊತ್ತೂ ಉಳಿಯುತ್ತದೆ. ಹೀಗೆ ಎತ್ತಿದ ಪ್ರತಿಗೆ ‘ಇಮೇಜು’ ಎಂದು ಹೆಸರು.

ಆಕ್ಲೆಂಡಿನ ಹಕ್ಕನ್ನು ನಾವು ಒಪ್ಪುವುದಿಲ್ಲ. ಮೂಲ ಪ್ರಯೋಗ ನಡೆದದ್ದು ಕುಂದಗೋಳದಲ್ಲಿ. ಅಬ್ದುಲ್ ಕರೀಂ ಖಾನರಿಂದ ಕಿರಾನಾ ಘರಾಣೆಯನ್ನು ಇಳಿಸಿಕೊಂಡ ರಾಮಭಾವು ಕುಂದಗೋಳಕರ, ಅಂದರೆ ಸವಾಯಿ ಗಂಧರ್ವರು (1886–1952), ಅದನ್ನು ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಇಳಿಸಿದರು. ಇಮೇಜು ಒಂದೇ. ಆದರೂ ಇಬ್ಬರ ಧ್ವನಿಮುದ್ರಿಕೆ ಕೇಳಿದ ಯಾವನೂ ಯಾರು ಹಾಡುತ್ತಿದ್ದಾರೆಂದು ಗೊಂದಲಪಟ್ಟಿಲ್ಲ. ಗುರು ವಿದ್ಯೆಯನ್ನು ಇಳಿಸಿದರೇ ಹೊರತು ಗಂಟಲನ್ನಲ್ಲ. ಇದರಿಂದ ಮುಂದಿನ ಸೂತ್ರ ಸಿದ್ಧಿಸುತ್ತದೆ.

ಸೂತ್ರ 2: ಗುರುತು ಅಳಿಸಿ ಇಮೇಜು ತೆಗೆ.

ವೃತ್ತಿ: ಪ್ರತಿ ವಿಂಡೋಸಿಗೂ ‘ಸಿಡ್’ ಎಂಬ ಗುರುತಿನ ಸಂಖ್ಯೆ ಉಂಟು. ಇಮೇಜು ತೆಗೆಯುವ ಮುಂಚೆ ಸಿಸ್‌ಪ್ರೆಪ್ ಎಂಬ ಉಪಕರಣ ಓಡಿಸಿ ಅದನ್ನು ಅಳಿಸಬೇಕೆಂದು ಪ್ರಾಚೀನರು. 2009ರಲ್ಲಿ ಮೈಕ್ರೋಸಾಫ್ಟಿನ ಮಾರ್ಕ್ ರುಸಿನೋವಿಚ್, ಎರಡು ಯಂತ್ರಕ್ಕೆ ಒಂದೇ ಸಿಡ್ ಇದ್ದರೆ ಕೆಡುಕಾಗುತ್ತದೆಂಬುದು ಕಟ್ಟುಕಥೆ ಎಂದು ಖಂಡಿಸಿ, ಸಿಡ್ ಬದಲಿಸುವ ತನ್ನದೇ ಉಪಕರಣವನ್ನು ನಿವೃತ್ತಿಗೊಳಿಸಿದ. 2025ರ ವಿಂಡೋಸ್ ಅಪ್‌ಡೇಟುಗಳು ಒಂದೇ ಸಿಡ್‌ನ ಯಂತ್ರಗಳು ಪರಸ್ಪರ ಲಾಗಿನ್ ಆಗದಂತೆ ತಡೆದು ಪ್ರಾಚೀನರನ್ನೇ ಎತ್ತಿಹಿಡಿದವು. ಇಷ್ಟು ಚುರುಕಾಗಿ ಪಕ್ಷ ಬದಲಿಸಿದ ದರ್ಶನ ಷಡ್ದರ್ಶನಗಳಲ್ಲಿ ಒಂದೂ ಇಲ್ಲ.

ನಮ್ಮ ಕ್ಷೇತ್ರದಲ್ಲಿ ಈ ವಾದ ಇನ್ನೂ ಮುಟ್ಟಿಲ್ಲ. ಇಲ್ಲಿ ಹತ್ತೂ ಯಂತ್ರಕ್ಕೆ ಒಂದೇ ಹೆಸರು, ಒಂದೇ ಐಪಿ; ಮೊದಲು ಚಾಲೂ ಆದದ್ದಕ್ಕೆ ನೆಟ್, ಉಳಿದವಕ್ಕೆ ಜಗಳ. ಇಮೇಜು ಕಟ್ಟಿದವರ ಮಗನ ಜಾವಳದ ಫೋಟೊ ಹತ್ತೂ ಪರದೆಯ ಮೇಲೆ ನಗುತ್ತಿರುತ್ತದೆ.

ಪೂರ್ವಪಕ್ಷ: ನವಲಗುಂದದ್ದು ಎರೆಹೊಲ, ಕಲಘಟಗಿಯದು ಭತ್ತದ ಗದ್ದೆ. ನೆಲವೇ ಒಂದಲ್ಲದಲ್ಲಿ ವ್ಯವಸ್ಥೆ ಒಂದಾಗುವುದು ಹೇಗೆ?

ಸಮಾಧಾನ: ‘ಭೂಮಿ’ ಯೋಜನೆಯನ್ನು ನೋಡಿ. ಈ ಶತಮಾನದ ಆರಂಭದಲ್ಲಿ ರಾಜ್ಯದ 177 ತಾಲೂಕುಗಳಿಗೆ ಒಂದೇ ತಂತ್ರಾಂಶ ಹೋಯಿತು. ಸುಮಾರು 2 ಕೋಟಿ ಪಹಣಿ ಅದರೊಳಗೆ ಸೇರಿದವು. ತಂತ್ರಾಂಶ ಎಲ್ಲರದು, ಸರ್ವೆ ನಂಬರು ಅವರವರದು. ಜಾವಳದ ಫೋಟೊದವರು ತಪ್ಪಿದ್ದು ಇಲ್ಲಿಯೇ.

ಸೂತ್ರ 3: ಒಂದರಲ್ಲಿದ್ದರೆ ತಪ್ಪು, ಹತ್ತರಲ್ಲಿದ್ದರೆ ನಿಯಮ.

ವೃತ್ತಿ: ಇದು ಶಾಸ್ತ್ರದ ತಿರುಳು. ಇಮೇಜು ಕಟ್ಟುವಾಗ ಕನ್ನಡ ಬೆರಳಚ್ಚಿನ ‘ನುಡಿ’ ತಂತ್ರಾಂಶ ಹಾಕಲು ಮರೆತರೆನ್ನಿ. ಒಂದೇ ಯಂತ್ರವಾಗಿದ್ದರೆ ಮಾಸ್ತರರು ಬೈದು ಹಾಕಿಸುತ್ತಿದ್ದರು. ಹತ್ತರಲ್ಲೂ ಇಲ್ಲವೆಂದ ಮೇಲೆ, “ಇದರಾಗ ಕನ್ನಡ ಬರೂದಿಲ್ರಿ” ಎಂಬುದೇ ಕಂಪ್ಯೂಟರಿನ ಲಕ್ಷಣವಾಗಿ ಮುಂದಿನ ಬ್ಯಾಚಿನ ನೋಟ್ಸಿಗೆ ಇಳಿಯುತ್ತದೆ.

ಜಗತ್ತಿಗೂ ಇದು ಅನ್ವಯ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಸುರಕ್ಷತಾ ತಂತ್ರಾಂಶಕ್ಕೆ ಬಂದ ಒಂದು ಕೆಟ್ಟ ಫೈಲು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ತಂದು ನಿಲ್ಲಿಸಿತು. ಎಷ್ಟೋ ವಿಮಾನಗಳು ನೆಲ ಬಿಟ್ಟೇಳಲಿಲ್ಲ. ಆ ತಂತ್ರಾಂಶ ಕೊಳ್ಳುವ ದುಡ್ಡೂ, ಅಪ್‌ಡೇಟ್ ಇಳಿಸುವ ನೆಟ್ಟೂ ಇಲ್ಲದ ಕೋಣೆಗಳು ಅಂದು ವಿಶ್ವದರ್ಜೆಯ ಸುರಕ್ಷತೆಯನ್ನು ಸಾಧಿಸಿದ್ದವು.

ಸೂತ್ರ 4: ಕಾಲ ಕಾಪಿಯಾಗದು.

ವೃತ್ತಿ: ಮದರ್‌ಬೋರ್ಡಿನ ಗಡಿಯಾರ ಒಂದು ಬಿಲ್ಲೆ ಸೆಲ್ಲಿನ ಮೇಲೆ ನಡೆಯುತ್ತದೆ, ಇಮೇಜಿನೊಳಗೆ ಸೆಲ್ಲು ಹೋಗುವುದಿಲ್ಲ. ಸೆಲ್ಲು ಸತ್ತ ಯಂತ್ರ ಪ್ರತಿ ಸಲ ಕರೆಂಟು ಹೋಗಿ ಬಂದಾಗಲೂ ತಾನು ತಯಾರಾದ ಕಾಲಕ್ಕೆ ಮರಳುತ್ತದೆ. ಆ ತಾರೀಖಿಗೆ ಇಂದಿನ ಜಾಲತಾಣಗಳ ಸರ್ಟಿಫಿಕೇಟು ಇನ್ನೂ ಹುಟ್ಟಿಯೇ ಇರುವುದಿಲ್ಲವಾದ್ದರಿಂದ ಬ್ರೌಸರು ಬಾಗಿಲು ತೆರೆಯದು. “ನೆಟ್ ಐತ್ರಿ ಸರ್, ಸೈಟ್ ತೆರಿವಲ್ದು” ಎಂಬ ಆರ್ತನಾದಕ್ಕೆ ಇದೇ ಕಾರಣ. ಪರಿಹಾರ ಒಂದು ಸೆಲ್ಲು. ವಾಡಿಕೆಯ ಪರಿಹಾರ ಮತ್ತೊಮ್ಮೆ ಫಾರ್ಮ್ಯಾಟು.

ಸೂತ್ರ 5: ಮೂಲ ಗುರಿಯಾದರೆ ಎಲ್ಲ ಬಯಲು.

ವೃತ್ತಿ: ಕಾಪಿ ಹೊಡೆಯುವ ಮುನ್ನ ಯಂತ್ರ ಎರಡೇ ಪ್ರಶ್ನೆ ಕೇಳುತ್ತದೆ: ಯಾವುದರಿಂದ, ಯಾವುದಕ್ಕೆ? ಉತ್ತರ ಅದಲುಬದಲಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಶ್ರದ್ಧೆಯಿಂದ ಅಚ್ಚಾಗುತ್ತದೆ. ಬಳಿಕ ಉಳಿದ ಯಂತ್ರಗಳಿಗೂ ಅದನ್ನೇ ಇಳಿಸಿದರೆ ಹೆಸರಿನ ಜಗಳವಿಲ್ಲ, ಸಿಡ್‌ನ ವಿವಾದವಿಲ್ಲ, ಜಾವಳದ ಫೋಟೊವಿಲ್ಲ. ಹತ್ತೂ ಯಂತ್ರ ಕೂದಲೆಳೆಯಷ್ಟೂ ಭೇದವಿಲ್ಲದೆ ಒಂದಾಗುವ ಸ್ಥಿತಿ ಶಾಸ್ತ್ರದಲ್ಲಿ ಇದೊಂದೇ.

ಫಲಶ್ರುತಿ: ಇದನ್ನು ಇಮೇಜು ತೆಗೆಯುವ ಮುನ್ನ ಓದಿದವರಿಗೆ ಒಂದು ಮಧ್ಯಾಹ್ನದಲ್ಲಿ ಹತ್ತು ಯಂತ್ರ ಸಿದ್ಧಿ; ಆಮೇಲೆ ಓದಿದವರಿಗೆ ವೈರಾಗ್ಯ ಸಿದ್ಧಿ. ಓದದೆ ‘ಯಸ್’ ಒತ್ತಿದವರಿಗೆ ಅಟೆಂಡರನಿಂದ ಸುತ್ತಿಗೆ ಪ್ರಾಪ್ತಿ.